ಅಂಗಿ ಮಾರುವ ಮೇಜಿನಿಂದ

ಡಂಡೀ ಊರಿನ ಹಳೆಯ ಸೆಣಬಿನ ಗೋದಾಮು.
ಈಗಿಲ್ಲಿ ಬಿಯರಿನ ವಾಸನೆ, ಒಣಗದ ಕೋಟುಗಳ ವಾಸನೆ.
ಹಿಂಬಾಗಿಲ ಪಕ್ಕ ನನ್ನ ಮೇಜು:
ಅಂಗಿ ಹದಿನೆಂಟು ಪೌಂಡು, ರೆಕಾರ್ಡು ಇಪ್ಪತ್ತೆರಡು,
ಚಿಲ್ಲರೆಗೊಂದು ಬಿಸ್ಕತ್ತಿನ ಡಬ್ಬಿ.
ಹನ್ನೊಂದು ವರ್ಷ ಇಲ್ಲಿಂದಲೇ ಹಾಡು ಕೇಳಿದ್ದೇನೆ,
ಕೇಳುವವರ ಬೆನ್ನು ಓದಿದ್ದೇನೆ.
ಮುಖ ಸುಳ್ಳು ಹೇಳಬಹುದು,
ಹೆಗಲಿಗೆ ಅಷ್ಟು ಜಾಣತನವಿಲ್ಲ.

ಮೊದಲೆಲ್ಲ ಸುಲಭವಿತ್ತು.
ಐಯೋನಾ ರಾಟ್ರೇ ಗಿಟಾರಿಗೆ ಕೈ ಹಾಕಿದರೆ ಸಾಕು
ಮುನ್ನೂರು ಹೆಗಲು ಒಟ್ಟಿಗೆ ಏಳುತ್ತಿದ್ದವು,
ಟೇ ನದಿಗೆ ಕಡಲು ನುಗ್ಗಿದ ಹಾಗೆ.
'ಹನ್ನೊಂದೂವರೆಯ ಬಸ್ಸು' ಹಾಡಿನ ಪಲ್ಲವಿ ಬಂದಾಗ
ಅವಳು ಮೈಕನ್ನು ಜನರತ್ತ ತಿರುಗಿಸಿಬಿಡುತ್ತಿದ್ದಳು.
ಉಳಿದದ್ದು ಅವರೇ ಹಾಡಿಕೊಳ್ಳುತ್ತಿದ್ದರು,
ಅವಳು ನೀರು ಕುಡಿಯುತ್ತ ನಿಲ್ಲುತ್ತಿದ್ದಳು,
ಯಾರದೋ ಮದುವೆಗೆ ಬಂದವಳಂತೆ.

ಈ ಮಾರ್ಚಿನಲ್ಲಿ ಹೊಸ ರೆಕಾರ್ಡು ಬಂತು.
ಗಿಟಾರೇ ಇಲ್ಲ.
ಇದೆ, ಆದರೆ ಹುಡುಕಬೇಕು,
ಮೀನಿನ ಸೂಪಿನಲ್ಲಿ ಮುಳ್ಳು ಹುಡುಕಿದ ಹಾಗೆ.
ಒಂದು ಪುಟ್ಟ ಯಂತ್ರ ಟಕ್ ಟಕ್ ಅನ್ನುತ್ತದೆ.
ಅದರ ಪಕ್ಕ ನಮ್ಮ ಡ್ರಮ್ಮರ್ ಸ್ಟ್ರುವಾನ್
ಎರಡು ಕುಂಚ ಹಿಡಿದು
ಗೋಡೆಗೆ ಬಣ್ಣ ಬಳಿಯಲು ಬಂದವನಂತೆ ಕೂತಿರುತ್ತಾನೆ.
ಸಾಲು ಸಾಲಿನ ನಡುವೆ
ಬೆಕ್ಕು ರಸ್ತೆ ದಾಟುವಷ್ಟು ಮೌನ.

ಡಾಡ್ ಪೆಟ್ರಿ ಬಂದ, ಬಂದರಿನ ಕ್ರೇನಿನವ.
ಅವನ ಮುಂಗೈ ಮೇಲೆ ಆ ಬಸ್ಸಿನ ಹಾಡಿನ ಎರಡು ಸಾಲು ಹಚ್ಚೆ,
ಎರಡನೆಯದರಲ್ಲಿ ಒಂದಕ್ಷರ ತಪ್ಪು.
"ಅವರು ಬದಲಾಗಲಿ, ಬೇಡ ಅಂದವರಾರು.
ನಾನು ಈ ಕೈ ಎಲ್ಲಿ ಬದಲಾಯಿಸಲಿ?"
ಹಳೆಯ ಅಂಗಿ ಕೇಳಿದ, ದೊಡ್ಡ ಅಳತೆ.
ಇರಲಿಲ್ಲ. ಹಳೆಯದೇ ಮೊದಲು ಖಾಲಿಯಾಗುವುದು.

ಕುರುಚಲು ಗಡ್ಡದ ಮೇಷ್ಟ್ರೊಬ್ಬ ಹೇಳಿದ,
ಹೀಗಾಗುತ್ತದೆಂದು ಮೂರನೇ ರೆಕಾರ್ಡಿಗೇ ಗೊತ್ತಿತ್ತಂತೆ.
ಹೀಗೆ ಗೊತ್ತಿದ್ದವರು ಪ್ರತಿ ಊರಲ್ಲೂ ಆರೇಳು ಮಂದಿ.
ದುಡ್ಡಿಗೆ ಮಾರಿಕೊಂಡರು ಅಂದಳು ಇನ್ನೊಬ್ಬಳು;
ನಾನು ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸಿ ಕೇಳಿಸಿದೆ.
ಹಾಡಿದ್ದೇ ಹಾಡುವ ಕಿಸುಬಾಯಿದಾಸರು ಎಂದು
ಕಳೆದ ವರ್ಷ ರಾಗ ಎಳೆದವರೂ ಇವರೇ.

ನಾಲ್ಕನೇ ಹಾಡು ಮುಗಿದು ಕತ್ತಲಿನಿಂದೊಬ್ಬ ಕೂಗಿದ:
"ಹನ್ನೊಂದೂವರೆಯ ಬಸ್ಸು!"
ಐಯೋನಾ ಗಡಿಯಾರ ನೋಡಿಕೊಂಡಳು.
"ಅದು ಹೋಯಿತಲ್ಲ," ಅಂದಳು.
ಅರ್ಧ ಜನ ನಕ್ಕರು. ಉಳಿದರ್ಧ ಬಾರಿಗೆ ನಡೆದರು.

ನನಗೂ ಹಿಡಿಸಲಿಲ್ಲ, ಹೇಳಿಬಿಡುತ್ತೇನೆ.
ಆ ಹಳೆಯ ಗದ್ದಲದೊಳಗೆ ನನ್ನ ಇಪ್ಪತ್ತಾರನೇ ವಯಸ್ಸಿತ್ತು,
ಒಂದು ಕೆಂಪು ಕೋಟು,
ಬ್ರಾಟಿ ಫೆರ್ರಿಯ ಮರಳಲ್ಲಿ ಕಳೆದುಹೋದ ಎಡಗಾಲಿನ ಬೂಟು,
ಹೆಸರು ಹೇಳಲಾರದ ಒಬ್ಬ.
ಐಯೋನಾಗೆ ಇದಾವುದೂ ಗೊತ್ತಿಲ್ಲ.
ಬಾಡಿಗೆ ಮನೆಯನ್ನು ಒಡತಿ ಕೆಡವಿದರೆ
ಯಾರಿಗೆ ದೂರು ಕೊಡುವುದು,
ಅದೂ ಬಾಡಿಗೆಯನ್ನೇ ಕಟ್ಟದವಳು?

ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ, ಹದಿನಾಲ್ಕಿರಬಹುದು.
ಅಪ್ಪ ಬಾರಿನಲ್ಲಿ ಗೊಣಗುತ್ತಿದ್ದ.
ಅವಳ ಹೆಗಲು ಏಳಲಿಲ್ಲ.
ಇಳಿದವು.
ಬೆನ್ನ ಮೇಲಿಂದ ಯಾರೋ ಶಾಲೆಯ ಚೀಲ ತೆಗೆದಂತೆ
ನಿಧಾನ, ಮೊದಲು ಎಡಗಡೆಯದು.
ಕಾರ್ಯಕ್ರಮ ಮುಗಿದ ಮೇಲೆ ಬಂದು
ನಾಣ್ಯಗಳನ್ನು ಎರಡೆರಡು ಸಲ ಎಣಿಸಿ
ಹೊಸ ರೆಕಾರ್ಡು ಕೊಂಡಳು.
"ಇವರು ಮೊದಲೂ ಇದ್ದರಾ? ಆಗ ಹೇಗಿದ್ದರು?"
"ಜೋರು," ಅಂದೆ.
ಬೇರೆ ಮಾತು ಬರಲಿಲ್ಲ.

ದೀಪ ಹಾಕಿದರು. ಪ್ಲಾಸ್ಟಿಕ್ ಲೋಟ ಗುಡಿಸುವ ಸದ್ದು.
ಡಾಡ್ ಮತ್ತೆ ಬಂದ, ತೋಳು ಕೆಳಗಿಳಿಸಿ, ಗುಂಡಿ ಹಾಕಿ.
ಹೊಸ ಅಂಗಿಯೊಂದನ್ನು ಬೆರಳಲ್ಲಿ ಮುಟ್ಟಿದ,
ಬೂದು ಬಣ್ಣದ್ದು, ಮಧ್ಯಮ ಅಳತೆ.
"ಹೆಂಡತಿಗೆ," ಅಂದ.
ಡಾಡ್‌ಗೆ ಹೆಂಡತಿ ಇಲ್ಲ.
ಮಡಿಸಿ ಕೊಟ್ಟೆ,
ಎರಡು ಪೌಂಡು ಚಿಲ್ಲರೆ.